ಬೋಪಣ್ಣ ಕ್ಯಾಪು ಒತ್ತಿದ್ದು

ಹ್ಞೂಂಗುಟ್ಟುವವರಿದ್ದರೆ ಹೇಳುತ್ತೇನೆ, ಇಲ್ಲದಿದ್ದರೆ ನನ್ನ ಬಾಯಿ ನನಗೇ ಇರಲಿ. ಕೊಡಗಿನಲ್ಲಿ ಒಂದೂರು. ಆ ಊರಲ್ಲಿ ಒಬ್ಬಳು ಚಿಣ್ಣವ್ವ. ಚಿಣ್ಣವ್ವನಿಗೆ ಒಬ್ಬನೇ ಮಗ, ಬೋಪಣ್ಣ. ವಯಸ್ಸು ಮೂವತ್ತೆರಡು, ಎತ್ತರ ಆರಡಿ, ತೋಳು ಒನಕೆಯಷ್ಟು ಗಟ್ಟಿ, ಮೇಲೊಂದು ಮೀಸೆ. ದೇವರು ಇಷ್ಟೆಲ್ಲ ಕೊಟ್ಟು, ಕೊನೆಯದೊಂದನ್ನು ಕೊಡುವ ಹೊತ್ತಿಗೆ ಯಾರೋ ಕರೆದರು ಅಂತ ಎದ್ದು ಹೋಗಿದ್ದ.

ಪೆದ್ದ ಅಂದರೆ ಸೋಮಾರಿ ಅಂದುಕೊಳ್ಳಬೇಡಿ. ಹೇಳಿದ ಕೆಲಸ ಮಾಡುತ್ತಿದ್ದ. ತೊಂದರೆಯೇ ಅದು. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಆದರೆ ಹೇಳಿದ ಕಡೆ ಬಿಟ್ಟು ಬೇರೆ ಕಡೆ. ಒಂದು ಸಲ ಅವ್ವ, "ಉಕ್ಕಿ ಬಂದರೆ ಊದಬೇಕು ಮೋನೇ, ಇಳಿಯುತ್ತದೆ" ಅಂತ ಹಾಲಿನ ಪಾತ್ರೆ ತೋರಿಸಿ ಹೇಳಿದ್ದಳು. ಮರುದಿನ ಹೊಳೆ ಉಕ್ಕಿತು. ಬೋಪಣ್ಣ ದಡದಲ್ಲಿ ಕೂತು ಸಂಜೆಯತನಕ ಊದಿದ. ಹೊಳೆ ಇಳಿಯಲಿಲ್ಲ, ಅವನ ಕೆನ್ನೆ ಊದಿತು.

ಅವನ ಅಪ್ಪ ತೀರಿಹೋಗಿ ನಾಲ್ಕು ವರ್ಷ. ಅಪ್ಪ ಬಿಟ್ಟುಹೋದದ್ದು ಎರಡು ನಳಿಗೆಯ ಒಂದು ಕೋವಿ, ಒಂದು ಡಬ್ಬ ಹಿತ್ತಾಳೆ ತೋಟೆ, ಮತ್ತೊಂದು ಕ್ಯಾಪೊತ್ತು. ಕ್ಯಾಪೊತ್ತು ಅಂದರೇನು ಅಂತ ಕೇಳುತ್ತೀರಿ. ಕೇಳಿ, ಕೇಳಬೇಕಾದದ್ದೇ. ತೋಟೆಯ ಬುಡದಲ್ಲಿ ಕಡಲೆಕಾಳಿನಷ್ಟು ಗುಂಡಿ ಇರುತ್ತದೆ. ಅದರಲ್ಲಿ ಕ್ಯಾಪು ಕೂರಬೇಕು. ಕೋವಿಯ ಸೂಜಿ ಬಂದು ಕ್ಯಾಪಿಗೆ ಹೊಡೆದರೆ ಕ್ಯಾಪು ಕಿಡಿ ಕಾರುತ್ತದೆ, ಒಳಗಿನ ಮದ್ದು ಹೊತ್ತಿಕೊಂಡು ತೋಟೆ ಸಿಡಿಯುತ್ತದೆ. ಆ ಕ್ಯಾಪನ್ನು ಒತ್ತಿ ಕೂರಿಸುವ, ಅಂಗೈಯಲ್ಲಿ ಹಿಡಿಯುವಂಥ ಇಕ್ಕಳಕ್ಕೆ ಆ ಮನೆಯಲ್ಲಿ ಕ್ಯಾಪೊತ್ತು ಅನ್ನುತ್ತಿದ್ದರು. ಅದರ ಮೇಲೊಂದು ಪುಟ್ಟ ತಟ್ಟೆ, ತಟ್ಟೆಗೊಂದು ಮುಚ್ಚಳ. ತಟ್ಟೆಗೆ ಸುರಿದ ಕ್ಯಾಪು ಒಂದೊಂದಾಗಿ ಕೆಳಗಿನ ಕಂಡಿಗೆ ಇಳಿಯುತ್ತದೆ. ಹಿಡಿ ಅಮುಕಿದರೆ ತೋಟೆಯ ಬುಡಕ್ಕೆ ಹೋಗಿ ಕೂರುತ್ತದೆ. ಶಾವಿಗೆಯಂಥ ನೂಲ್ಪುಟ್ಟು ಒತ್ತಿದ ಹಾಗೆ, ಅಷ್ಟೇ. ಪೇಟೆಗೆ ಆ ವರ್ಷ ಹೊಸ ತೋಟೆ ಬಂದಿರಲಿಲ್ಲ. ಊರವರೆಲ್ಲ ಹಳೇ ತೋಟೆಗೇ ಹೊಸ ಕ್ಯಾಪು ಒತ್ತಿ ತುಂಬಿಕೊಳ್ಳುತ್ತಿದ್ದರು.

ಈಗ ಚಿಣ್ಣವ್ವನ ಸಂಕಟ ಕೇಳಿ. ನಾಟಿ ಮುಗಿದ ಮೇಲೆ ಕೈಲ್ ಮುಹೂರ್ತದ ಹಬ್ಬ ಬರುತ್ತದಲ್ಲ. ಬೆಳಿಗ್ಗೆ ಕೋವಿಗೆ ಪೂಜೆ, ಆಮೇಲೆ ಮೈದಾನದಲ್ಲಿ ಮರದ ತುದಿಯ ತೆಂಗಿನಕಾಯಿಗೆ ಗುಂಡು. ಹಿಂದಿನ ವರ್ಷ ಬೋಪಣ್ಣ ಅಪ್ಪನ ಕೋವಿ ಹಿಡಿದು ನಿಂತಿದ್ದ. ಟ್ರಿಗರ್ ಎಳೆದರೆ ಟಕ್. ಇನ್ನೊಂದು ಎಳೆದರೆ ಟಕ್. ತೆಂಗಿನಕಾಯಿ ಅಲ್ಲಾಡಲಿಲ್ಲ, ಅದನ್ನು ನೋಡುತ್ತಿದ್ದ ಜನರ ಹೊಟ್ಟೆ ಮಾತ್ರ ಅಲ್ಲಾಡಿತು. ಎಲ್ಲರೂ ನಕ್ಕರು, ಒಬ್ಬರು ನಗಲಿಲ್ಲ. ಅವರು ಬೋಪಣ್ಣನ ದೊಡ್ಡಪ್ಪ, ಕುಟುಂಬದ ಹಿರಿಯ, ಮುದ್ದಯ್ಯ.

"ಚಿಣ್ಣವ್ವ, ಕೋವಿ ಇರುವ ಮನೆಯಲ್ಲಿ ಅದನ್ನು ಸಿಡಿಸುವ ಗಂಡಸೂ ಇರಬೇಕು," ಅಂದರು ಮುದ್ದಯ್ಯ. "ಕಾಯಿ ಬೀಳುವುದು ಬೇಡ. ತೋಟೆ ಸಿಡಿಯಲಿ ಸಾಕು. ಬರುವ ವರ್ಷವೂ ಹೀಗೇ ಟಕ್ ಅಂದರೆ ತಮ್ಮನ ಕೋವಿ ನನ್ನ ಮನೆಗೆ ಬರುತ್ತದೆ."

"ಆಗಲಿ ಬಾವ," ಅಂದಳು ಚಿಣ್ಣವ್ವ. ಬೇರೆ ಏನು ಅನ್ನಲಿ? ಆ ಕೋವಿಯ ಮರದ ಹಿಡಿಯಲ್ಲಿ, ಗಂಡ ಕೆನ್ನೆ ಒರಗಿಸುತ್ತಿದ್ದ ಕಡೆ, ಅಂಗೈಯಷ್ಟು ಜಾಗ ನುಣುಪಾಗಿತ್ತು. ಒರೆಸುವಾಗ ಅವಳ ಕೈ ದಿನವೂ ಅಲ್ಲಿ ಒಂದು ಗಳಿಗೆ ನಿಲ್ಲುತ್ತಿತ್ತು. ಕೋವಿ ಆ ಮನೆಯಿಂದ ಹೋದರೆ ಗಂಡ ಎರಡನೇ ಸಲ ಹೋದ ಹಾಗೆ ಅವಳಿಗೆ.

ಹಬ್ಬಕ್ಕೆ ಹದಿನೈದು ದಿನ ಉಳಿಯಿತು. ಮದ್ದು, ಚರೆ ಅನ್ನುವ ಸೀಸದ ಕಾಳು ತುಂಬುವ ಕೆಲಸ ಚಿಣ್ಣವ್ವನಿಗೆ ಗೊತ್ತಿತ್ತು. ಕ್ಯಾಪು ಒತ್ತಲು ಮಾತ್ರ ಆಗುತ್ತಿರಲಿಲ್ಲ, ಬೆರಳ ಗಂಟುಗಳೆಲ್ಲ ಊದಿ ಹಿಡಿ ಅಮುಕಲು ಬಲ ಇರಲಿಲ್ಲ. ಮನೆಯಲ್ಲಿ ಬಲ ಇದ್ದವನು ಒಬ್ಬನೇ.

"ಮೋನೇ, ಇಷ್ಟನ್ನು ಒತ್ತಿಕೊಡು," ಅಂದಳು.

"ಒತ್ತಿಕೊಡ್ತೇನೆ ಅವ್ವ," ಅಂದ ಬೋಪಣ್ಣ.

ಒತ್ತಿದ. ಹೇಗೆ ಒತ್ತಿದ? ಕ್ಯಾಪಿಗೆ ನೋವಾಗಬಾರದು ಅಂತ ಹೂವು ಮುಟ್ಟಿದ ಹಾಗೆ ಒತ್ತಿದ. ಹತ್ತು ತೋಟೆಯ ಬುಡದಲ್ಲೂ ಕ್ಯಾಪು ಅರ್ಧ ಒಳಗೆ, ಅರ್ಧ ಹೊರಗೆ. ಚಿಣ್ಣವ್ವ ಹಣೆ ಚಚ್ಚಿಕೊಂಡು ಅವನನ್ನು ಪೇಟೆಗೆ, ಕೋವಿ ರಿಪೇರಿ ಮಾಡುವ ಮೊಯ್ದು ಮೇಸ್ತ್ರಿಯ ಅಂಗಡಿಗೆ ಓಡಿಸಿದಳು.

ಮೇಸ್ತ್ರಿ ಕನ್ನಡಕ ಏರಿಸಿ ನೋಡಿದ. "ಇದೆಂತ ಬೋಪಣ್ಣ, ಕ್ಯಾಪೆಲ್ಲ ಇಣುಕಿ ನೋಡ್ತಾ ಉಂಟು? ಹೀಗಿದ್ದರೆ ಸೂಜಿ ಹೊಡೆದರೂ ಹೊತ್ತಿಕೊಳ್ಳುವುದಿಲ್ಲ, ಇಲ್ಲವಾ ಹೊತ್ತಿಕೊಳ್ಳಬಾರದ ಹೊತ್ತಿಗೆ ಹೊತ್ತಿಕೊಳ್ತದೆ. ಕೇಳಿಲ್ಲಿ. ಮೇಲೆದ್ದು ಕಂಡದ್ದನ್ನು ಬಿಡಬಾರದು. ಬೆರಳು ಸವರಿ ನೋಡಬೇಕು. ಬೆರಳಿಗೆ ತಡೆದರೆ ಒತ್ತಬೇಕು. ಸಮ ಆಗುವ ತನಕ ಒತ್ತಬೇಕು."

"ಹಾಗೇ ಮಾಡ್ತೇನೆ ಮೇಸ್ತ್ರಿ," ಅಂದ ಬೋಪಣ್ಣ. ತಲೆಯಾಡಿಸಿದ. ತಲೆಯಾಡಿಸುವುದರಲ್ಲಿ ಅವನಷ್ಟು ಜಾಣ ಸುತ್ತ ಮೂರೂರಲ್ಲಿ ಇರಲಿಲ್ಲ.

ಮನೆಗೆ ಬಂದ. ಅವ್ವ ನೀರಿಗೆ ಹೋಗಿದ್ದಳು. ಅಡುಗೆಮನೆಯಲ್ಲಿ ದೊಡ್ಡ ತಟ್ಟೆ, ತಟ್ಟೆಯ ತುಂಬ ಬೇಯಿಸಿಟ್ಟ ಕಡಂಬುಟ್ಟು, ಅಕ್ಕಿತರಿಯ ದುಂಡು ದುಂಡು ಉಂಡೆ. ಬೋಪಣ್ಣ ಒಂದರ ಮೇಲೆ ಬೆರಳು ಸವರಿದ. ತಡೆಯಿತು. ಒತ್ತಿದ. ಇನ್ನೊಂದಕ್ಕೆ ಸವರಿದ. ತಡೆಯಿತು. ಒತ್ತಿದ. ಚಿಣ್ಣವ್ವ ಕೊಡ ಇಳಿಸಿ ಒಳಗೆ ಬರುವಾಗ ನಲವತ್ತು ಕಡಂಬುಟ್ಟು ನೆಲಕ್ಕೆ ಸಾರಿಸಿದ ಸಗಣಿಯ ಹಾಗೆ ತಟ್ಟೆಗೆ ಬಳಿದುಕೊಂಡಿತ್ತು.

"ಎಂತ ಮಾಡಿದೆ ಮೋನೇ?"

"ಎಲ್ಲ ಮೇಲೆದ್ದಿತ್ತು ಅವ್ವ. ಈಗ ಸವರಿ ನೋಡು. ಎಲ್ಲೂ ತಡೆಯುವುದಿಲ್ಲ."

ಚಿಣ್ಣವ್ವ ಸವರಿ ನೋಡಲಿಲ್ಲ, ಅವನ ಬೆನ್ನಿಗೆ ಒಂದು ಕೊಟ್ಟಳು. "ಮುಟ್ಟಾಳ, ಅದು ತಿನ್ನುವುದು, ಒತ್ತುವುದಲ್ಲ. ಕೈ ನೋಡು, ಮೊಣಕೈತನಕ ಹಿಟ್ಟು. ದುಂಡಗಿನ ಸಾಮಾನು ಮುಟ್ಟುವ ಮೊದಲು ಅಂಗೈಗೆ ಚೆನ್ನಾಗಿ ಎಣ್ಣೆ ಸವರಿಕೊಳ್ಳಬೇಕು. ಆಗ ಅಂಟುವುದಿಲ್ಲ. ತಿಳಿಯಿತಾ?"

"ತಿಳಿಯಿತು ಅವ್ವ. ಹಾಗೇ ಮಾಡ್ತೇನೆ."

ಮರುದಿನ ಕ್ಯಾಪು ಒತ್ತಲು ಕೂತ. ಕ್ಯಾಪನ್ನು ನೋಡಿದ. ದುಂಡಗಿತ್ತು. ಎದ್ದುಹೋಗಿ ಎಣ್ಣೆಯ ಭರಣಿ ತಂದ. ಅಂಗೈಗೆ ಸವರಿಕೊಂಡ. ಸಾಲದು ಅನ್ನಿಸಿತು. ಕ್ಯಾಪೊತ್ತಿನ ತಟ್ಟೆಗೂ ಸುರಿದ. ಆಮೇಲೆ ಮೇಸ್ತ್ರಿ ಹೇಳಿದ ಹಾಗೆ ಸಮ ಆಗುವ ತನಕ ಒತ್ತಿದ. ಈ ಸಲ ಒತ್ತಿದ್ದು ಸರಿಯಾಗಿಯೇ ಇತ್ತು, ಅದನ್ನು ನಾನು ಒಪ್ಪುತ್ತೇನೆ. ತೋಟೆಗಳನ್ನು ಮೇಸ್ತ್ರಿಗೆ ತೋರಿಸಲು ಹೋದ.

ಮೇಸ್ತ್ರಿ ಮದ್ದಿಲ್ಲದ ಒಂದು ತೋಟೆಯನ್ನು ತನ್ನ ಹಳೇ ಕೋವಿಗೆ ಹಾಕಿ ಟ್ರಿಗರ್ ಎಳೆದ. ಟಕ್. ಇನ್ನೊಂದು ಹಾಕಿದ. ಟಕ್. ಕ್ಯಾಪೊತ್ತಿನ ಮುಚ್ಚಳ ತೆಗೆದು ನೋಡಿದ. ಉಳಿದ ಕ್ಯಾಪುಗಳು ಉಪ್ಪಿನಕಾಯಿ ಹಾಕಿದ ಹಾಗೆ ಎಣ್ಣೆಯೊಳಗೆ ಕೂತಿದ್ದವು.

"ಯಾ ಅಲ್ಲಾ. ಎಣ್ಣೆ ಹಾಕಿದವರು ಯಾರು?"

"ನಾನೇ ಮೇಸ್ತ್ರಿ. ಈಗ ಒಂದೂ ಅಂಟುವುದಿಲ್ಲ."

"ಅಂಟುವುದಿಲ್ಲ, ಹೊತ್ತುವುದೂ ಇಲ್ಲ. ಎಣ್ಣೆ ಸೋಕಿದ ಕ್ಯಾಪು ಸತ್ತ ಕ್ಯಾಪು. ಇವನ್ನೆಲ್ಲ ನಾನು ನೋಡಿಕೊಳ್ತೇನೆ, ನೀನು ಈ ಕ್ಯಾಪೊತ್ತು ಸರಿ ಮಾಡು. ಎಣ್ಣೆ ಕಂಡರೆ ತಡ ಮಾಡಬಾರದು. ಒರಟು ಬಟ್ಟೆ ತೆಗೆದುಕೊಂಡು ತಿಕ್ಕಿ ತಿಕ್ಕಿ ಒರೆಸಬೇಕು. ಆಮೇಲೆ ಬಿಸಿಲಿಗೆ ಇಡಬೇಕು. ಒಣಗುವ ತನಕ ಎತ್ತಬಾರದು."

"ಹಾಗೇ ಮಾಡ್ತೇನೆ ಮೇಸ್ತ್ರಿ."

ಮೇಸ್ತ್ರಿ ಹೊಸದೊಂದು ಡಬ್ಬಿ ಕ್ಯಾಪು ಕೊಟ್ಟು ಕಳಿಸಿದ. ಬೋಪಣ್ಣ ಮನೆಗೆ ಬಂದ. ಬರುವಾಗ ಜಗಲಿಯಲ್ಲಿ ಯಾರು? ದೊಡ್ಡಪ್ಪ ಮುದ್ದಯ್ಯ. ಆವತ್ತು ಅವರ ಎಣ್ಣೆಸ್ನಾನ. ತಲೆಗೂ ಮೈಗೂ ಎಣ್ಣೆ ತಿಕ್ಕಿಸಿಕೊಂಡು, ನೆನೆಯುವ ತನಕ ಮನೆಯಲ್ಲಿ ಕೂರಲಾಗದೆ, ತೋಟೆಯ ಕೆಲಸ ಎಲ್ಲಿಗೆ ಬಂತು ನೋಡೋಣ ಅಂತ ನಡೆದು ಬಂದಿದ್ದರು. ಬೋಳುತಲೆ ಹಿತ್ತಾಳೆ ತಂಬಿಗೆಯಷ್ಟು ಹೊಳೆಯುತ್ತಿತ್ತು.

ಬೋಪಣ್ಣ ನೋಡಿದ. ಎದೆ ಝಲ್ಲೆಂದಿತು.

"ದೊಡ್ಡಪ್ಪ, ನಿಮಗೆ ಎಣ್ಣೆ ಸೋಕಿದೆ."

"ಹೌದು, ಅದಕ್ಕೆ ಏನೀಗ?"

"ತಡ ಮಾಡಬಾರದು."

ಗೋಣಿಚೀಲ ತಂದ. ತಲೆ ತಿಕ್ಕಿದ, ಬೆನ್ನು ತಿಕ್ಕಿದ, ಕಿವಿಯ ಸಂದನ್ನೂ ಬಿಡಲಿಲ್ಲ. ಮುದ್ದಯ್ಯ ಕೂಗಿದರು, ಒದ್ದರು. ಬೋಪಣ್ಣ ಕುರ್ಚಿಸಮೇತ ಅವರನ್ನು ಎತ್ತಿ ಅಂಗಳದ ನಡುವೆ ಬಿಸಿಲಿಗೆ ಇಟ್ಟ. ಎದ್ದರೆ ಭುಜ ಹಿಡಿದು ಕೂರಿಸಿದ. "ಇನ್ನೂ ಒಣಗಿಲ್ಲ ದೊಡ್ಡಪ್ಪ," ಅಂದ.

"ಚಿಣ್ಣವ್ವಾ, ಇವನು ನನ್ನನ್ನು ಭತ್ತ ಅಂದುಕೊಂಡಿದ್ದಾನಾ?"

ಚಿಣ್ಣವ್ವ ಓಡಿಬಂದು ಬಿಡಿಸಿದಳು. ಮುದ್ದಯ್ಯ ಕೆಂಪಗಾಗಿ, ಮೈಯೆಲ್ಲ ಗೋಣಿಯ ನಾರು ಮಾಡಿಕೊಂಡು ಗೇಟು ದಾಟಿದರು. ದಾಟಿ ನಿಂತು, "ಹಬ್ಬದ ದಿನ ನೋಡೋಣ. ಕೋವಿ ಇಡಲು ನಮ್ಮ ಗೋಡೆಗೆ ಈಗಲೇ ಗೂಟ ಹೊಡೆಸ್ತೇನೆ," ಅಂದುಹೋದರು. ಚಿಣ್ಣವ್ವನಿಗೆ ಆ ಗೂಟ ತನ್ನ ಎದೆಗೇ ಹೊಡೆದ ಹಾಗಾಯಿತು.

"ನಿನಗೆ ಹೇಗೆ ಹೇಳಲಿ ಮೋನೇ? ಮನೆಗೆ ಬಂದವರು ಹೇಗೆ ಕೂತಿದ್ದಾರೋ ಹಾಗೇ ಬಿಡಬೇಕು. ಎಳೆಯಬಾರದು, ಅಲುಗಿಸಬಾರದು. ಒಂದು ಲೋಟ ಕಾಫಿ ತಂದಿಟ್ಟು ಪಕ್ಕದಲ್ಲಿ ಸುಮ್ಮನೆ ಕೂರಬೇಕು. ತಿಳಿಯಿತಾ?"

"ತಿಳಿಯಿತು ಅವ್ವ. ಹಾಗೇ ಮಾಡ್ತೇನೆ."

ಮಾಡಿದ. ಕ್ಯಾಪೊತ್ತನ್ನು ಒರೆಸಿ ಒಣಗಿಸಿ, ಡಬ್ಬಿಯ ಕ್ಯಾಪನ್ನು ಅದರ ತಟ್ಟೆಗೆ ಸುರಿದ. ಹೊಸ ಕ್ಯಾಪು, ಪೇಟೆಯಿಂದ ಮನೆಗೆ ಬಂದದ್ದು. ಕೆಲವು ಅಂಗಾತ ಕೂತವು, ಕೆಲವು ಬೋರಲು, ಒಂದೆರಡು ಅಡ್ಡ. ಎಲ್ಲ ಒಂದೇ ಮುಖವಾಗಲು ತಟ್ಟೆಯನ್ನು ಅಲ್ಲಾಡಿಸಬೇಕು, ಅದು ಕೆಲಸ ಗೊತ್ತಿದ್ದವರಿಗೆಲ್ಲ ಗೊತ್ತು. ಬೋಪಣ್ಣನಿಗೂ ಗೊತ್ತಿತ್ತು. ಆದರೆ ಬಂದವರನ್ನು ಅಲುಗಿಸಬಾರದು ಅಂತ ಅವ್ವ ಹೇಳಿದ್ದಾಳಲ್ಲ. ಒಂದು ಲೋಟ ಕಾಫಿ ತಂದು ತಟ್ಟೆಯ ಪಕ್ಕ ಇಟ್ಟ. ಸುಮ್ಮನೆ ಕೂತ. ಕಾಫಿ ಆರಿತು. ಹಿಡಿ ಅಮುಕಿದ. ಅಡ್ಡ ಕೂತದ್ದು ಅಡ್ಡವೇ ಇಳಿದು ಕಂಡಿಯಲ್ಲಿ ಸಿಕ್ಕಿಕೊಂಡಿತು. ಕ್ಯಾಪೊತ್ತು ಹಿಂದೂ ಹೋಗದು, ಮುಂದೂ ಬಾರದು.

ಮತ್ತೆ ಪೇಟೆ, ಮತ್ತೆ ಮೇಸ್ತ್ರಿ.

"ತಟ್ಟೆ ಅಲ್ಲಾಡಿಸಲಿಲ್ಲವಾ ಬೋಪಣ್ಣ?"

"ಅಲುಗಿಸಬಾರದು ಮೇಸ್ತ್ರಿ. ಕಾಫಿ ಕೊಟ್ಟೆ. ಒಂದೂ ಕುಡಿಯಲಿಲ್ಲ."

ಮೇಸ್ತ್ರಿ ತಟ್ಟೆಯ ಕ್ಯಾಪನ್ನೆಲ್ಲ ಮತ್ತೆ ಡಬ್ಬಿಗೆ ತುಂಬಿದ. ಕ್ಯಾಪೊತ್ತನ್ನು ಬಿಚ್ಚಿ, ಸಿಕ್ಕಿದ ಕ್ಯಾಪನ್ನು ಮರದ ಕಡ್ಡಿಯಿಂದ ನಿಧಾನಕ್ಕೆ ಬಿಡಿಸಿದ, ಕಂಡಿಯ ಮಸಿ ಕೆರೆದ, ಸಡಿಲವಾಗಿದ್ದ ತಿರುಪು ಬಿಗಿದ. "ಸಿಕ್ಕಿಕೊಂಡಾಗ ಬಲ ಹಾಕಿದರೆ ಕೈ ಹಾರಿಹೋಗ್ತದೆ. ಕೇಳಿಲ್ಲಿ. ಮುಚ್ಚಳ ಹಾಕು. ಎರಡೂ ಕೈಯಲ್ಲಿ ಹಿಡಿ. ತಲೆಕೆಳಗಾದದ್ದೆಲ್ಲ ನೆಟ್ಟಗಾಗುವ ತನಕ ಅಲ್ಲಾಡಿಸು."

"ಹಾಗೇ ಮಾಡ್ತೇನೆ ಮೇಸ್ತ್ರಿ."

ಚಿಣ್ಣವ್ವ ಒಳ್ಳೆಯ ಹೆಂಗಸು. ಇಷ್ಟೆಲ್ಲ ಮಾಡಿಕೊಟ್ಟ ಮೇಸ್ತ್ರಿಗೆ ಸುಮ್ಮನಿರಬಾರದು ಅಂತ ಎರಡು ಡಜನ್ ನಾಟಿ ಮೊಟ್ಟೆಯನ್ನು ಮುಚ್ಚಳದ ಬುಟ್ಟಿಯಲ್ಲಿ ಜೋಡಿಸಿ ಮರುದಿನ ಮಗನ ಕೈಯಲ್ಲಿ ಕಳಿಸಿದಳು. ಬೋಪಣ್ಣ ದಾರಿಯಲ್ಲಿ ಬುಟ್ಟಿ ತೆರೆದು ನೋಡಿದ. ಕೆಲವು ಮೊಟ್ಟೆಯ ಚೂಪು ಮೇಲೆ, ಕೆಲವದರ ಚೂಪು ಕೆಳಗೆ. ಮುಚ್ಚಳ ಹಾಕಿದ. ಎರಡೂ ಕೈಯಲ್ಲಿ ಹಿಡಿದ.

ಇನ್ನು ನಾನು ಹೇಳಬೇಕೇ?

ಮೇಸ್ತ್ರಿಯ ಅಂಗಡಿ ಸೇರುವಾಗ ಬುಟ್ಟಿಯ ಅಡಿಯಿಂದ ಹಳದಿ ಸೋರಿ ಬೋಪಣ್ಣನ ಕಾಲಿನತನಕ ಇಳಿದಿತ್ತು. "ಒಂದೂ ತಲೆಕೆಳಗಿಲ್ಲ ಮೇಸ್ತ್ರಿ," ಅಂದ ಅವನು, ಬುಟ್ಟಿ ಕೊಟ್ಟು. ಮೇಸ್ತ್ರಿ ನಕ್ಕು ನಕ್ಕು ಕನ್ನಡಕ ಬೀಳಿಸಿಕೊಂಡ. ಮನೆಯಲ್ಲಿ ಸಂಗತಿ ಕೇಳಿದ ಚಿಣ್ಣವ್ವ ನಗಲಿಲ್ಲ.

"ಮೊಟ್ಟೆಯನ್ನು ಯಾರಾದರೂ ಅಲ್ಲಾಡಿಸುತ್ತಾರಾ? ಒಳ್ಳೆಯದೋ ಹಾಳೋ ಅಂತ ನೋಡಬೇಕಾದರೂ ಅಲ್ಲಾಡಿಸುವುದಲ್ಲ ಮೋನೇ, ನೀರಿಗೆ ಹಾಕಿ ನೋಡುವುದು. ಮುಳುಗಿದರೆ ಒಳ್ಳೆಯದು, ತೇಲಿದರೆ ಹಾಳು. ತಿಳಿಯಿತಾ?"

"ತಿಳಿಯಿತು ಅವ್ವ. ಹಾಗೇ ಮಾಡ್ತೇನೆ."

ನೀವು ಮುಂದೆ ಓಡುತ್ತಿದ್ದೀರಿ, ನನಗೆ ಗೊತ್ತು. ಓಡಿ, ನಾನು ನಡೆದೇ ಬರುತ್ತೇನೆ. ಹಬ್ಬಕ್ಕೆ ಎರಡು ದಿನ ಇದೆ ಅನ್ನುವಾಗ ಚಿಣ್ಣವ್ವ, "ಈ ಸಲ ಕ್ಯಾಪು ಒಳ್ಳೆಯದಿದೆಯಾ ನೋಡಿಕೊಂಡು ಒತ್ತು ಮೋನೇ" ಅಂದಳು. ಅಂದು ಹಿತ್ತಲಿಗೆ ಹೋದಳು. ಬರುವಾಗ ಬಚ್ಚಲ ಬಕೆಟ್ಟಿನ ಮುಂದೆ ಮಗ ಕುಕ್ಕರಗಾಲಲ್ಲಿ ಕೂತಿದ್ದ. ಮುಖ ಹೂವಿನ ಹಾಗೆ ಅರಳಿತ್ತು.

"ಅವ್ವಾ, ಎಲ್ಲ ಮುಳುಗಿತು. ಡಬ್ಬಿಯಲ್ಲಿದ್ದ ಅಷ್ಟೂ. ಹಾಳು ಅನ್ನುವುದು ಒಂದೇ ಒಂದಿಲ್ಲ."

ಚಿಣ್ಣವ್ವ ಬೈಯಲಿಲ್ಲ. ಹೊಸಿಲ ಮೇಲೆ ಕೂತು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಬೋಪಣ್ಣನಿಗೆ ತಾನು ಮಾಡಿದ್ದು ಏನು ಅಂತ ಗೊತ್ತಾಗಲಿಲ್ಲ, ಅವ್ವ ಅಳುವುದು ಮಾತ್ರ ಕಂಡಿತು. ಅವನೂ ಪಕ್ಕದಲ್ಲಿ ಕೂತು ಅತ್ತ. ಪೆದ್ದನ ಹೊಟ್ಟೆಯೂ ಹೊಟ್ಟೆಯೇ, ಉರಿಯುವಾಗ ಉರಿಯುತ್ತದೆ.

ಸಂಗತಿ ಮೇಸ್ತ್ರಿಯ ಕಿವಿಗೆ ಬಿತ್ತು. ಮರುದಿನ ಅಂಗಡಿಗೆ ಬೀಗ ಹಾಕಿ ತಾನೇ ನಡೆದು ಬಂದ. ಪೇಟೆಯಲ್ಲಿ ಕ್ಯಾಪು ಖಾಲಿ, ತನ್ನ ಪೆಟ್ಟಿಗೆಯ ಮೂಲೆಯಲ್ಲಿ ಇದ್ದದ್ದು ಮೂರೇ ಮೂರು. ಅವನ್ನು ಹತ್ತಿಯಲ್ಲಿ ಸುತ್ತಿ ತಂದಿದ್ದ. ಬೋಪಣ್ಣನನ್ನು ಎದುರು ಕೂರಿಸಿಕೊಂಡ. ಕೈ ಒರೆಸಿಸಿದ. ತಟ್ಟೆ ಅಲ್ಲಾಡಿಸಿದ. "ಈಗ ಒತ್ತು" ಅಂದ. ಬೋಪಣ್ಣ ಒತ್ತಿದ. "ಸವರಿ ನೋಡು" ಅಂದ. ಬೋಪಣ್ಣ ಸವರಿದ. ತಡೆಯಲಿಲ್ಲ. ಎರಡನೆಯದು, ಮೂರನೆಯದು. ಚಿಣ್ಣವ್ವ ಊದಿದ ಬೆರಳಲ್ಲಿ ತಾನೂ ಒಂದೊಂದನ್ನೇ ಸವರಿದಳು. ಹಿತ್ತಾಳೆ ಎಲ್ಲಿ ಮುಗಿಯಿತು, ಕ್ಯಾಪು ಎಲ್ಲಿ ಸುರುವಾಯಿತು ಗೊತ್ತಾಗಲಿಲ್ಲ. ಗಂಡ ಒತ್ತುತ್ತಿದ್ದದ್ದೂ ಹೀಗೇ ಇರುತ್ತಿತ್ತು. ಅವಳಿಗೆ ಮಗನ ಮೇಲೆ ಹಿಂದೆಂದೂ ಬಾರದಷ್ಟು ಅಕ್ಕರೆ ಬಂತು. ಮದ್ದು, ಚರೆ ತುಂಬಿ ಮೂರು ತೋಟೆ ಸಿದ್ಧ ಮಾಡಿದಳು.

"ಕ್ಯಾಪನ್ನು ನೀರಿಗೆ ಹಾಕಿ ನೋಡುವುದಲ್ಲ ಬೋಪಣ್ಣ, ಕೋವಿಗೆ ಹಾಕಿ ನೋಡುವುದು," ಅಂದ ಮೇಸ್ತ್ರಿ. "ಈಗ ಕೋವಿ ದೇವರ ಕೋಣೆಯಲ್ಲಿ ಉಂಟು, ಪೂಜೆಯತನಕ ಮುಟ್ಟುವ ಹಾಗಿಲ್ಲ. ಪೂಜೆ ಆದ ಮೇಲೆ, ಜನರ ಮುಂದೆ ನಿಲ್ಲುವ ಮೊದಲು, ಹೊಡೆದು ನೋಡು. ಒಂದು ನಳಿಗೆ ನೋಡಿ ಬಿಡಬೇಡ, ಎರಡನ್ನೂ ನೋಡು. ಮೂರನೆಯ ತೋಟೆ ಕಾಯಿಗೆ ಇರಲಿ."

"ಹಾಗೇ ಮಾಡ್ತೇನೆ ಮೇಸ್ತ್ರಿ."

ಹಬ್ಬದ ಬೆಳಿಗ್ಗೆ ಕೋವಿಗೆ ಗಂಧ ಹಚ್ಚಿ, ನಳಿಗೆಗೆ ಕೋವಿಹೂವು ತೋಕ್‌ಪೂ ಸಿಕ್ಕಿಸಿ ಪೂಜೆ ಮಾಡಿದರು. ಚಿಣ್ಣವ್ವ ಬಾಳೆಲೆ ತರಲು ಗದ್ದೆಯಾಚೆ ತಂಗವ್ವನ ಮನೆಗೆ ಹೋದಳು. ಜನರ ಮುಂದೆ ನಿಲ್ಲುವ ಮೊದಲು ಅಂದರೆ ಎಲ್ಲಿ? ಬೋಪಣ್ಣ ಯೋಚಿಸಿದ. ಮನೆಯಂಗಳದಲ್ಲಿ ಯಾರೂ ಇರಲಿಲ್ಲ. ಕೋವಿ ತಂದು ಆಕಾಶಕ್ಕೆ ಹಿಡಿದ. ಒಂದು ನಳಿಗೆ ಎಳೆದ. ಢಂ. ಇನ್ನೊಂದು ಎಳೆದ. ಢಂ.

ಎರಡೂ ಸಿಡಿಯಿತು. ಬೋಪಣ್ಣ ಅಂಗಳದಲ್ಲೇ ಒಂದು ಸುತ್ತು ಕುಣಿದ.

ಊರು ಕುಣಿಯಲಿಲ್ಲ. ಕೊಡಗಿನವರಿಗೆ ನಾನು ಹೇಳಬೇಕಾಗಿಲ್ಲ, ಬೇರೆಯವರು ಕೇಳಿ: ಒಂದು ಮನೆಯಂಗಳದಿಂದ ಒಂದರ ಹಿಂದೆ ಒಂದು ಎರಡು ಗುಂಡು ಹಾರಿದರೆ ಆ ಮನೆಯಲ್ಲಿ ಸಾವಾಗಿದೆ ಅಂತ. ಯಾರೂ ಯಾರಿಗೂ ಹೇಳಿಕಳಿಸಬೇಕಾಗಿಲ್ಲ. ಕೇಳಿದವರು ಕೈಯಲ್ಲಿದ್ದದ್ದನ್ನು ಬಿಟ್ಟು, ಬಿಳಿ ಉಟ್ಟು ಹೊರಡುತ್ತಾರೆ.

ಮೈದಾನಕ್ಕೆ ಹೊರಟವರು ನಿಂತರು. ಗುಂಡಿನ ಸದ್ದು ಚಿಣ್ಣವ್ವನ ಮನೆಯ ಕಡೆಯಿಂದ. ಆ ಮನೆಯಲ್ಲಿ ಇರುವುದು ಇಬ್ಬರು. ಗುಂಡು ಹೊಡೆಯಲು ಒಬ್ಬ ಉಳಿದಿದ್ದಾನೆ. ಹಾಗಾದರೆ ಹೋದದ್ದು ಯಾರು ಅಂತ ಕೇಳಬೇಕೇ? ಹಬ್ಬದ ಬಟ್ಟೆ ಬಿಚ್ಚಿದರು, ಬಿಳಿ ಉಟ್ಟರು, ಸಾಲಾಗಿ ಗದ್ದೆಯ ಬದುವಿನ ಮೇಲೆ ನಡೆದರು.

ತಂಗವ್ವನ ಮನೆಯಲ್ಲಿ ಚಿಣ್ಣವ್ವನಿಗೂ ಎರಡು ಗುಂಡು ಕೇಳಿಸಿತು. ಯಾವ ದಿಕ್ಕು ಅಂತ ಗೊತ್ತಾಗಲಿಲ್ಲ. "ಹಬ್ಬದ ದಿನವೇ ಯಾರೋ ಹೋದರಲ್ಲ ತಂಗವ್ವ," ಅಂದಳು. ವಿಧವೆ, ಉಟ್ಟದ್ದು ಹೇಗೂ ಬಿಳಿಯೇ. ತಂಗವ್ವನಿಗೆ ಎಂಬತ್ತರ ಹತ್ತಿರ. "ನೀನು ನಡೆ, ನಾನು ಮೆಲ್ಲ ಬರ್ತೇನೆ," ಅಂದಳು. ಚಿಣ್ಣವ್ವ ಸಾಲಿನ ಕೊನೆಗೆ ಸೇರಿಕೊಂಡಳು. ಮುಂದಿನ ಹೆಂಗಸು ತಲೆಗೆ ಮುಸುಕು ಹಾಕಿ ಅಳುತ್ತ ನಡೆಯುತ್ತಿದ್ದಳು.

"ಯಾರಂತೆ ಹೋದದ್ದು?" ಅಂತ ಕೇಳಿದಳು ಚಿಣ್ಣವ್ವ.

"ಚಿಣ್ಣವ್ವನಂತೆ," ಅಂದಳು ಮುಂದಿನವಳು, ತಿರುಗಿ ನೋಡದೆ.

"ಅಯ್ಯೋ ಪಾಪ. ಎಂತಾಗಿತ್ತಂತೆ?"

"ಎಂತಾಗುವುದು? ಆ ಮಗನನ್ನು ಸಾಕಿ ಸಾಕಿ ಸತ್ತಳು."

"ಎಲ್ಲರ ಮನೆಯಲ್ಲೂ ಅದೇ ಕತೆ," ಅಂತ ಚಿಣ್ಣವ್ವನೂ ಕಣ್ಣೊರೆಸಿಕೊಂಡಳು. ಆ ಹೆಸರಿನವರು ಊರಲ್ಲಿ ಇನ್ನೂ ನಾಲ್ಕು ಜನ ಇದ್ದರು. ಅವರಲ್ಲಿ ಯಾರೋ ಅಂದುಕೊಂಡಳು. ಆದರೆ ಸಾಲು ಬದು ದಾಟಿ, ತೋಡು ದಾಟಿ, ತನ್ನದೇ ಗೇಟಿನ ಒಳಗೆ ತಿರುಗಿದಾಗ ಅವಳ ಕಾಲು ನಿಂತಿತು. ಮನೆಯಲ್ಲಿ ಇದ್ದವನು ಮಗ ಒಬ್ಬನೇ. ತೋಟೆ ಎಲ್ಲಿ ಸಿಡಿಯಿತೋ, ಏನಾಯಿತೋ. ಕೋವಿ ಬೇಡ, ಮಾನ ಬೇಡ, ನನ್ನ ಪೆದ್ದ ಉಳಿಯಲಿ ದೇವರೇ ಅಂತ ಅವಳು ಜನರನ್ನು ನೂಕಿಕೊಂಡು ಮುಂದೆ ಓಡಿದಳು.

ಮುಂದೆ ಮುದ್ದಯ್ಯ ಜಗಲಿಯ ಮೆಟ್ಟಿಲ ಮೇಲೆ ಕುಸಿದು ಕೂತು, ಮಗುವಿನ ಹಾಗೆ ಅಳುತ್ತಿದ್ದರು. "ನಲವತ್ತು ವರ್ಷ ನನಗೆ ಅನ್ನ ಹಾಕಿದ ಕೈ. ಕೋವಿ ಕಿತ್ತುಕೊಳ್ತೇನೆ ಅಂದೆ, ಅದೇ ಕೊರಗಲ್ಲಿ ಹೋದಳು. ಇಷ್ಟೂ ಜನರ ಮುಂದೆ ಹೇಳ್ತೇನೆ. ಈ ಕೋವಿ ಈ ಮನೆಯದು. ಇವನು ಸಿಡಿಸಲಿ, ಬಿಡಲಿ, ಗೋಡೆಯಿಂದ ಯಾರೂ ಇಳಿಸಬಾರದು." ಪಕ್ಕದಲ್ಲಿ ಬೋಪಣ್ಣ ಸುಮ್ಮನೆ ಕೂತಿದ್ದ. ಮನೆಗೆ ಬಂದವರು ಹೇಗೆ ಕೂತರೋ ಹಾಗೇ ಬಿಡಬೇಕು ಅಂತ, ದೊಡ್ಡಪ್ಪನ ಮುಂದೆ ಒಂದು ಲೋಟ ಕಾಫಿ ಇಟ್ಟಿದ್ದ.

ಅವ್ವ ಕಂಡಳು. "ಅವ್ವಾ, ಎರಡೂ ಸಿಡಿಯಿತು," ಅಂದ.

ಮುದ್ದಯ್ಯ ತಲೆಯೆತ್ತಿ ನೋಡಿ, ಕಾಫಿ ಚೆಲ್ಲಿದರು. ಜನ ಎರಡು ಹೆಜ್ಜೆ ಹಿಂದೆ ಸರಿದರು. ಮುಸುಕಿನ ಹೆಂಗಸು ಚಿಣ್ಣವ್ವನ ಕೈ ಚಿವುಟಿ ನೋಡಿದಳು. "ಯಾರೇ ಸತ್ತದ್ದು?" ಅಂತ ಚಿಣ್ಣವ್ವ, "ನೀನೇ ಅಲ್ಲವಾ?" ಅಂತ ಊರು. ಯಾರು ಮೊದಲು ನಕ್ಕರೋ ಗೊತ್ತಿಲ್ಲ, ಆಮೇಲೆ ಯಾರಿಗೂ ನಿಲ್ಲಿಸಲು ಆಗಲಿಲ್ಲ.

ಮುದ್ದಯ್ಯನಿಗೆ ನಾಚಿಕೆಯಾಯಿತು. ಮೀಸೆ ಒರೆಸಿಕೊಂಡು, "ನಾನು ಹೇಳಿದ್ದು ಸತ್ತವಳಿಗೆ," ಅಂದರು.

"ಬದುಕಿದವಳಿಗೂ ಕೇಳಿಸಿತು ಬಾವ," ಅಂದಳು ಚಿಣ್ಣವ್ವ. "ತೋಟೆ ಸಿಡಿದರೆ ಸಾಕು ಅಂದವರೂ ನೀವೇ. ಸಿಡಿದದ್ದು ನಿಮ್ಮ ಕಿವಿಗೆ ಕೇಳಿಸದಿದ್ದರೆ ಈ ಬಿಳಿ ಪಂಚೆ ಯಾಕೆ ಉಟ್ಟಿರಿ?"

ಮುದ್ದಯ್ಯ ತನ್ನ ಪಂಚೆ ನೋಡಿಕೊಂಡರು. "ನೀನು ಸಾಯಲಿಲ್ಲವಲ್ಲ, ಅದೇ ದೊಡ್ಡದು. ಕೋವಿ ನಿನ್ನದು," ಅಂದರು, ಈ ಸಲ ಅಳದೆ.

ಚಿಣ್ಣವ್ವನ ಎದೆ ಹಗುರಾಯಿತು. ಆದರೂ ಮಗನನ್ನು ಬೈಯದೆ ಬಿಡಲಾದೀತೇ? "ಎರಡು ಗುಂಡು ಸತ್ತಾಗ ಹೊಡೆಯುವುದು ಮೋನೇ. ಊರಿಗೆಲ್ಲ ನನ್ನನ್ನು ಸಾಯಿಸಿಬಿಟ್ಟೆಯಲ್ಲ. ಒಂದೇ ಹೊಡೆದಿದ್ದರೂ ಗಂಡು ಮಗು ಹುಟ್ಟಿತು ಅಂತ ಜನ ಸಂತೋಷವಾಗಿ ಬರುತ್ತಿದ್ದರು. ತಿಳಿಯಿತಾ?"

"ತಿಳಿಯಿತು ಅವ್ವ," ಅಂದ ಬೋಪಣ್ಣ. ತಲೆಯಾಡಿಸಿದ. ಜೇಬಿಗೆ ಕೈ ಹಾಕಿದ. ಅವ್ವನನ್ನು ಸಾಯಿಸಿದ್ದು ತಾನೇ, ಸರಿ ಮಾಡಬೇಕಾದದ್ದೂ ತಾನೇ. ಯಾರೂ ಹಿಡಿಯುವ ಮೊದಲೇ ಕೋವಿಗೆ ಮೂರನೆಯ ತೋಟೆ ತುಂಬಿ ಆಕಾಶಕ್ಕೆ ಹಿಡಿದ.

ಢಂ.

ಒಂದೇ. ಸ್ಪಷ್ಟವಾಗಿ ಒಂದೇ. ಆಗ ಬದುವಿನ ಮೇಲಿಂದ, ಸಾವಿಗೆ ಅಂತ ಹೊರಟು ಅರ್ಧ ದಾರಿಯಲ್ಲಿದ್ದ ತಂಗವ್ವ ಕೋಲೂರಿಕೊಂಡು ಬಂದಳು, ಅಲ್ಲ, ಓಡಿಬಂದಳು. ಊರಲ್ಲಿ ಗಂಡು ಹುಟ್ಟಿದರೆ ಹರಳುಗಿಡದ ಕಡ್ಡಿಯಿಂದ ಪುಟ್ಟ ಬಿಲ್ಲು ಮಾಡಿ ಮಗುವಿನ ಕೈಗೆ ಕೊಡುವವಳು ಅವಳೇ. ಬೇಲಿಯಿಂದ ಕಡ್ಡಿ ಮುರಿದು, ನಡೆಯುತ್ತಲೇ ಬಗ್ಗಿಸಿ, ನಾರು ಕಟ್ಟಿ ತಂದಿದ್ದಳು.

"ಎಲ್ಲಿ, ಮಗು ಎಲ್ಲಿ?" ಅಂದಳು, ಏದುಸಿರು ಬಿಡುತ್ತ. "ಚಿಣ್ಣವ್ವ, ಈ ವಯಸ್ಸಿಗೆ ನೀನು?"

ಚಿಣ್ಣವ್ವ ಮಗನ ಮುಖ ನೋಡಿದಳು. ಬೈಗುಳ ಬಾಯಿತನಕ ಬಂದು, ನಗುವಾಗಿ ಹೋಯಿತು. "ಇಗೋ, ಇವನೇ," ಅಂದಳು. "ಮೂವತ್ತೆರಡು ವರ್ಷದಿಂದ ಹೆರುತ್ತಲೇ ಇದ್ದೇನೆ ತಂಗವ್ವ. ಇನ್ನೂ ಪೂರ್ತಿ ಹುಟ್ಟಿಲ್ಲ."

ತಂಗವ್ವನಿಗೆ ಎಂಬತ್ತು, ಅವಳಿಗೆ ಯಾವ ಮಗುವಾದರೂ ಮಗುವೇ. ಬಿಲ್ಲನ್ನು ಬೋಪಣ್ಣನ ಕೈಗೆ ಇಟ್ಟಳು. ಅವನು ಬಾಗಿ, ಎರಡೂ ಕೈಯಲ್ಲಿ ತೆಗೆದುಕೊಂಡ.

"ಹುಟ್ಟಿದ ಮಗು ಅಳಬೇಕು," ಅಂದಳು ತಂಗವ್ವ, ತಮಾಷೆಗೆ.

"ಹಾಗೇ ಮಾಡ್ತೇನೆ ಅಜ್ಜಿ," ಅಂದ ಬೋಪಣ್ಣ. ಅಂಗಳದಲ್ಲಿ ಅಂಗಾತ ಮಲಗಿದ, ಎರಡೂ ಕಾಲು ಮೇಲೆತ್ತಿದ, ಮೀಸೆಯ ಕೆಳಗೆ ಬಾಯಿ ಅಗಲ ಮಾಡಿ, ಮೈದಾನದಲ್ಲಿ ಉಳಿದವರಿಗೂ ಕೇಳುವ ಹಾಗೆ ಅತ್ತ.